ತೋಟದ ಏರಿಗೆ ನಾನು ಕಟ್ಟಿಕೊಂಡ ಸರಕು ಸೈಕಲ್

ಕೊಡಗಿನ ಸಿದ್ದಾಪುರದ ಸಮೀಪದ ನಮ್ಮ ಸಣ್ಣ ಕಾಫಿ ತೋಟದಲ್ಲಿ ಕಣದಿಂದ ಮುಖ್ಯರಸ್ತೆಯವರೆಗೆ ಅರ್ಧ ಕಿಲೋಮೀಟರ್ ಏರು ಮಣ್ಣುದಾರಿಯಿದೆ. ಒಂದೆರಡು ಚೀಲ ಚೆರಿ ಕಾಫಿಗಾಗಿ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು) ಪ್ರತಿ ಸಲವೂ ಜೀಪು ಕರೆಸುವುದು ದುಬಾರಿಯೆನಿಸಿ, ಹಳೆಯ ಗೇರ್ ಸೈಕಲೊಂದನ್ನು ವಿದ್ಯುತ್ ಸರಕು ಸೈಕಲಾಗಿ ಮಾರ್ಪಡಿಸಿಕೊಂಡೆ.

ಅಲ್ಯೂಮಿನಿಯಂ ಫ್ರೇಮು ವೆಲ್ಡಿಂಗ್ ಬಿಸಿಗೆ ಬಲಗುಂದುವುದರಿಂದ ಉಕ್ಕಿನದ್ದನ್ನೇ ಆರಿಸಿದೆ. ಹಿಂದಿನ ಚಕ್ರವನ್ನು 38 ಸೆಂ.ಮೀ. ಹಿಂದಕ್ಕೆ ಸರಿಸಿ ನಡುವೆ ಕೊಳವೆಗಳನ್ನು ಬೆಸೆಸಿದಾಗ, ಅರ್ಧ ಇಂಚಿನ ಕೊಂಡಿಗಳ ಚೈನಿಗೆ ಇನ್ನೂ 60 ಕೊಂಡಿಗಳು ಬೇಕಾದವು. ಮೊದಲ ಪ್ರಯತ್ನದಲ್ಲಿ ಭಾರ ಹೇರಿದೊಡನೆ ಬಾಲ ಅತ್ತಿತ್ತ ತೊನೆಯುತ್ತಿತ್ತು. ಸೀಟಿನ ಕೊಳವೆಯಿಂದ ಹಿಂದಿನ ಅಚ್ಚಿನವರೆಗೆ ಎರಡೂ ಬದಿಯಲ್ಲಿ ಓರೆಯಾಗಿ ಕೊಳವೆ ಕೊಟ್ಟು ತ್ರಿಕೋನ ಮಾಡಿದ ನಂತರವೇ ಆ ತೊನೆತ ನಿಂತಿತು. 50 ಕೆ.ಜಿ. ಚೀಲವನ್ನು ಒಂದೇ ಬದಿಗೆ ತೂಗುಹಾಕಲಾಗದು. ಆದ್ದರಿಂದ ಎರಡು ಚೀಲಗಳಿಗೆ ಹಂಚಿ ಎಡಬಲಕ್ಕೆ, ಸಾಧ್ಯವಾದಷ್ಟು ಕೆಳಗೆ ಕಟ್ಟುತ್ತೇನೆ.

ಮೋಟಾರಿನ ವಿಷಯದಲ್ಲಿ ನಾನು ನಿಜವಾಗಿಯೂ ಎಡವಿದೆ. ಆರಂಭದಲ್ಲಿ ಹಿಂದಿನ ಚಕ್ರಕ್ಕೆ 250 ವ್ಯಾಟ್‌ನ ಹಬ್ ಮೋಟಾರು, ಅಂದರೆ ಚಕ್ರದ ಗುಂಬದೊಳಗೇ ಕುಳಿತು ಅದನ್ನು ನೇರವಾಗಿ ತಿರುಗಿಸುವ ಮೋಟಾರು, ಹಾಕಿಸಿದ್ದೆ. ಸವಾರ, ಸೈಕಲು, ಸರಕು ಸೇರಿ 160 ಕೆ.ಜಿ. ಭಾರವು ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 7 ಕಿ.ಮೀ. ವೇಗದಲ್ಲಿ ಸಾಗಬೇಕಾದರೆ, ಆ ಎತ್ತರಕ್ಕೆ ಎತ್ತುವುದಕ್ಕೇ ಸುಮಾರು 245 ವ್ಯಾಟ್ ಶಕ್ತಿ ಬೇಕು. ಆ ವೇಗದಲ್ಲಿ 26 ಇಂಚಿನ ಚಕ್ರ ನಿಮಿಷಕ್ಕೆ 56 ಸುತ್ತು ಮಾತ್ರ ತಿರುಗುವುದರಿಂದ, ವೇಗವಾಗಿ ತಿರುಗಿದಾಗಲೇ ಚೆನ್ನಾಗಿ ದುಡಿಯುವ ಆ ಮೋಟಾರಿನಲ್ಲಿ ಬ್ಯಾಟರಿಯ ವಿದ್ಯುತ್ತಿನ ಬಹುಪಾಲು ಎಳೆತವಾಗದೆ ಬಿಸಿಯಾಗುತ್ತಿತ್ತು. ಮೂರನೆಯ ಏರಿಗೆ ಮೋಟಾರನ್ನು ಮುಟ್ಟಲಾಗುತ್ತಿರಲಿಲ್ಲ. ಹೆಚ್ಚು ವ್ಯಾಟಿನದ್ದು ಕೊಳ್ಳುವುದು ಪರಿಹಾರವೆಂದು ನನಗೆ ತೋರಲಿಲ್ಲ, ಏಕೆಂದರೆ 250 ವ್ಯಾಟ್ ಮತ್ತು ಗಂಟೆಗೆ 25 ಕಿ.ಮೀ. ಮಿತಿಯನ್ನು ದಾಟಿದರೆ ನೋಂದಣಿ ಮತ್ತು ಪರವಾನಗಿ ಬೇಕಾಗುತ್ತವೆ. ಅಷ್ಟೇ ಶಕ್ತಿಯ ಮೋಟಾರನ್ನು ಪೆಡಲಿನ ಅಚ್ಚಿನ ಬಳಿ ಕೂರಿಸಿ ಚೈನಿನ ಮೂಲಕ ಎಳೆಸಿದಾಗ, ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಗೇರ್ ಇಳಿಸಿಕೊಂಡು ಮೋಟಾರು ತನಗೆ ಒಗ್ಗುವ ವೇಗದಲ್ಲೇ ತಿರುಗತೊಡಗಿತು. ಇದರಿಂದ ಚೈನು ಬೇಗ ಸವೆಯುತ್ತದೆ, ಆ ಖರ್ಚನ್ನು ನಾನು ಒಪ್ಪಿಕೊಂಡಿದ್ದೇನೆ.

ಇಳಿಜಾರು ಏರಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ. ಮಳೆಗಾಲದಲ್ಲಿ ಗೊಬ್ಬರ ಹೇರಿಕೊಂಡು ಇಳಿಯುವಾಗ ರಿಮ್ಮಿಗೆ ಒತ್ತುವ ರಬ್ಬರ್ ಬ್ರೇಕು ಕೆಸರು ನೀರಿನಲ್ಲಿ ಹಿಡಿಯಲೇ ಇಲ್ಲ. ಅಂದು ಕಾಫಿ ಗಿಡಗಳೇ ನನ್ನನ್ನು ತಡೆದವು. ಮರುವಾರವೇ ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿ, ಹಿಂದಕ್ಕೆ 36 ದಪ್ಪ ಕಡ್ಡಿಗಳ ಚಕ್ರ ಕಟ್ಟಿಸಿದೆ. ಆನೆಗಳ ಓಡಾಟವಿರುವ ನಮ್ಮ ಭಾಗದಲ್ಲಿ ಸದ್ದಿಲ್ಲದ ವಾಹನವು ತಿರುವಿನಲ್ಲಿ ಆನೆಯ ಎದುರಿಗೇ ಹೋಗಿ ನಿಲ್ಲಬಹುದಾದ್ದರಿಂದ, ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ನಾನು ಇದನ್ನು ಹೊರಗೆ ತೆಗೆಯುವುದಿಲ್ಲ.