ಆ ಕೈಗೆ ಸೂಜಿ ಬೇಡ

ಡಯಾಲಿಸಿಸ್ ಟೆಕ್ನಿಷಿಯನ್ ಆದ ಮೇಲೆ ನನಗೊಂದು ಅಭ್ಯಾಸ ಬಂದಿದೆ. ಹೊಸ ಪೇಷೆಂಟ್ ಬಂದರೆ ರಿಪೋರ್ಟ್‌ಗಿಂತ ಮೊದಲು ಕೈ ನೋಡುತ್ತೇನೆ. ಬಲಗೈಯವರಾದರೆ ಎಡಗೈ. ಅಲ್ಲಿ ಡ್ರಿಪ್ ಹಾಕಿ ಹಾಕಿ ನರ, ಅಂದರೆ ರಕ್ತನಾಳ, ಗಟ್ಟಿಯಾಗಿದ್ದರೆ ಬೇಜಾರಾಗುತ್ತದೆ. ಡಯಾಲಿಸಿಸ್ ಸೂಜಿ ಚುಚ್ಚಲು ಫಿಸ್ಟುಲಾ ಮಾಡಬೇಕಾದದ್ದು ಆ ಕೈಗೇ ಅಲ್ವಾ?

ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಉಳಿಯುವ ಕಸ) ಏರುತ್ತಿದೆ, ಮುಂದೆ ಡಯಾಲಿಸಿಸ್ ಬೇಕಾಗಬಹುದು ಅಂತ ಡಾಕ್ಟರ್ ಹೇಳಿದ ದಿನದಿಂದಲೇ ಆ ಕೈ ಕಾಪಾಡಬೇಕು. ರಕ್ತ ತೆಗೆಯುವುದಿದ್ದರೆ ಅಂಗೈ ಹಿಂಭಾಗದಿಂದ ತೆಗೆಯಲಿ. ಫಿಸ್ಟುಲಾ ಅಂದರೆ ಸಾಮಾನ್ಯವಾಗಿ ಮಣಿಕಟ್ಟಿನ ಹತ್ತಿರ ಆಪರೇಷನ್ ಮಾಡಿ ಅಪಧಮನಿಗೆ ನರ ಜೋಡಿಸುವುದು. ಜೋರು ರಕ್ತ ಹರಿದು ನರ ದಪ್ಪವಾಗಲು 6 ವಾರವಾದರೂ ಬೇಕು, ಕೆಲವರಿಗೆ 3 ತಿಂಗಳು. ನಮ್ಮಲ್ಲಿ ಜಾಸ್ತಿ ಜನ ಬರುವುದು ಉಸಿರು ಕಟ್ಟಿ, ಕಾಲು ಊದಿಕೊಂಡ ಮೇಲೆ. ಆಗ ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಥೆಟರ್ ಅನ್ನುವ ಕೊಳವೆ ಹಾಕದೆ ದಾರಿಯಿಲ್ಲ. ಅದನ್ನು ಒದ್ದೆ ಮಾಡಬಾರದು. ಮುಚ್ಚಳ ತೆಗೆಯುವಾಗ ನನಗೂ ಮಾಸ್ಕ್, ಪೇಷೆಂಟ್‌ಗೂ ಮಾಸ್ಕ್. ಮೆಷಿನ್ ಮೇಲಿರುವಾಗ ನಡುಕ ಬಂದು ಜ್ವರ ಏರಿದರೆ ನನ್ನ ಮೊದಲ ಅನುಮಾನ ಕ್ಯಾಥೆಟರ್ ಮೇಲೆಯೇ.

ಹೊಸ ಫಿಸ್ಟುಲಾಗೆ ಚುಚ್ಚುವ ಮೊದಲು ಕೈ ಮೇಲೆತ್ತಿಸುತ್ತೇನೆ. ಉಬ್ಬಿದ ನರ ಇಳಿಯಬೇಕು. ಇಳಿಯದಿದ್ದರೆ ಮುಂದೆ ಎಲ್ಲೋ ದಾರಿ ಕಿರಿದಾಗಿದೆ ಅಂತ ಡಾಕ್ಟರಿಗೆ ತೋರಿಸುತ್ತೇನೆ. ಮೊದಲ ಸಲ 17 ಗೇಜಿನ ಸಣ್ಣ ಸೂಜಿ, ಪಂಪ್ ನಿಧಾನ. ಜೋಡಿಸಿದ ಜಾಗದಿಂದ 3 ಸೆಂಟಿಮೀಟರ್ ಆದರೂ ದೂರ.

"ಅಲ್ಲೇ ಚುಚ್ಚಿ ಅಣ್ಣ, ಅಲ್ಲಿ ನೋವಾಗಲ್ಲ" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಒಂದೇ ಜಾಗಕ್ಕೆ ಚುಚ್ಚಿದರೆ ಚರ್ಮ ತೆಳುವಾಗಿ ನರ ಗಂಟಿನ ಹಾಗೆ ಉಬ್ಬುತ್ತದೆ. ಪ್ರತಿ ಸಲ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ. ಸೂಜಿ ತೆಗೆದ ಮೇಲೆ ಎರಡು ಬೆರಳಲ್ಲಿ ಒತ್ತಬೇಕು, ಆದರೆ ಒತ್ತುವಾಗಲೂ ರಕ್ತ ಓಡುವ ಜುಮ್ಮು ಕೈಗೆ ಸಿಗುತ್ತಿರಬೇಕು. ಬಟ್ಟೆ ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ.

ಮನೆಯವರಿಗೆ ಕಲಿಸುವುದೂ ಆ ಜುಮ್ಮನ್ನೇ. ಬೆಳಿಗ್ಗೆ, ರಾತ್ರಿ ಮುಟ್ಟಿ ನೋಡಿ. ಆ ಕೈಗೆ ಬಿಪಿ ಪಟ್ಟಿ ಬೇಡ, ಬಿಗಿ ಬಳೆ ಬೇಡ, ಅದರ ಮೇಲೆ ಮಲಗುವುದೂ ಬೇಡ. ನೀರು ಜಾಸ್ತಿ ಕುಡಿದು ಬಂದರೆ ಒಂದೇ ಸಲ ತುಂಬಾ ತೆಗೆಯಬೇಕಾಗುತ್ತದೆ. ಬಿಪಿ ಬೀಳುತ್ತದೆ, ಫಿಸ್ಟುಲಾದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಜುಮ್ಮು ನಿಂತಿದ್ದರೆ ಮುಂದಿನ ಡಯಾಲಿಸಿಸ್‌ವರೆಗೆ ಸುಮ್ನೆ ಕಾಯಬೇಡಿ, ಅವತ್ತೇ ಬನ್ನಿ. ಬೇಗ ಬಂದರೆ ಹೆಪ್ಪು ತೆಗೆದು ಉಳಿಸುವ ಅವಕಾಶ ಇರುತ್ತದೆ. ತಡವಾದರೆ ಮತ್ತೆ ಕುತ್ತಿಗೆಗೆ ಕ್ಯಾಥೆಟರ್.