ಬೆಂಗಳೂರಿನಲ್ಲಿ ಯಾವ ನಾಟಕಕ್ಕೆ ಹೋಗುವುದು? ಬೆಳಕಿನ ಕೋಣೆಯಿಂದ ಕೆಲವು ಮಾತು

ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಬಂತೆಂದರೆ ಒಂದೇ ಸಂಜೆ ನಾಲ್ಕಾರು ನಾಟಕಗಳಿರುತ್ತವೆ. ಜೆ.ಪಿ. ನಗರದಲ್ಲಿ ಒಂದು, ಜೆ.ಸಿ. ರಸ್ತೆಯಲ್ಲಿ ಎರಡು, ಹನುಮಂತನಗರದಲ್ಲಿ ಇನ್ನೊಂದು. ಯಾವುದಕ್ಕೆ ಹೋಗಲಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನಾಟಕದ ಹೆಸರು ಆಮೇಲೆ, ಆಡುವವರು ಯಾರು ಎಂಬುದು ಮೊದಲು. ಹಗಲು ಕಚೇರಿ ಕೆಲಸ ಮುಗಿಸಿ ಸಂಜೆ ಹವ್ಯಾಸಿ ತಂಡವೊಂದಕ್ಕೆ ಬೆಳಕು ನಿರ್ವಹಿಸುವವಳು ನಾನು. ಪ್ರೇಕ್ಷಕರ ಬೆನ್ನ ಹಿಂದೆ ಕುಳಿತಿರುತ್ತೇನೆ. ಯಾವ ಮಾತಿಗೆ ಜನ ಮುಂದಕ್ಕೆ ಬಾಗಿದರು, ಯಾವ ದೃಶ್ಯದಲ್ಲಿ ಕತ್ತಲೊಳಗೆ ಮೊಬೈಲುಗಳು ಒಂದೊಂದಾಗಿ ಹೊತ್ತಿಕೊಂಡವು ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಈ ಸಲಹೆಗಳು ಹೆಚ್ಚಾಗಿ ಆ ಜಾಗದಿಂದ ಬಂದವು.

ಪೋಸ್ಟರನ್ನು ಓದುವುದು ಹೇಗೆಂದು ಮೊದಲು ನೋಡೋಣ. ದೊಡ್ಡಕ್ಷರದಲ್ಲಿ ನಾಟಕದ ಹೆಸರು, ಅದರ ಕೆಳಗೆ ‘ರಚನೆ’, ಆಮೇಲೆ ‘ನಿರ್ದೇಶನ’, ಸಣ್ಣ ಅಕ್ಷರದಲ್ಲಿ ಸಂಗೀತ, ಬೆಳಕು, ರಂಗಸಜ್ಜಿಕೆ, ಪ್ರಸಾಧನ. ಹೆಚ್ಚಿನವರು ಮೊದಲ ಎರಡು ಸಾಲು ಓದಿ ತೀರ್ಮಾನಿಸಿಬಿಡುತ್ತಾರೆ. ಗಿರೀಶ ಕಾರ್ನಾಡರ ‘ತುಘಲಕ್’ 1964ರ ನಾಟಕ. ಅಂದಿನಿಂದ ಎಷ್ಟೋ ತಂಡಗಳು ಅದನ್ನು ಆಡಿವೆ. ಒಂದು ತಂಡದ ಕೈಯಲ್ಲಿ ಅದು ಮೈ ಬೆವರಿಸುವ ರಾಜಕೀಯ ನಾಟಕವಾಗುತ್ತದೆ, ಇನ್ನೊಂದು ತಂಡದ ಕೈಯಲ್ಲಿ ಉಡುಪು ತೊಟ್ಟವರ ಭಾಷಣವಾಗುತ್ತದೆ. ನಾಟಕಕಾರ ಒಬ್ಬನೇ, ಮಾತುಗಳೂ ಅವೇ. ಆದ್ದರಿಂದ ‘ನಿರ್ದೇಶನ’ದ ಮುಂದಿನ ಹೆಸರನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಒಬ್ಬ ನಿರ್ದೇಶಕರ ಕೆಲಸ ನಿಮಗೆ ಹಿಡಿಸಿದರೆ ಅವರ ಮುಂದಿನ ನಾಟಕದ ಹೆಸರು ಎಂದೂ ಕೇಳಿರದಿದ್ದರೂ ಹೋಗಿ. ‘ಸಂಗೀತ’ದ ಸಾಲನ್ನೂ ಬಿಡಬೇಡಿ. ಹಾರ್ಮೋನಿಯಂ, ತಬಲಾ ಹಿಡಿದವರು ರಂಗದ ಪಕ್ಕದಲ್ಲೇ ಕುಳಿತು ನುಡಿಸುವ ನಾಟಕಕ್ಕೂ ಧ್ವನಿಮುದ್ರಿತ ಸಂಗೀತ ಹಾಕುವ ನಾಟಕಕ್ಕೂ ಬಹಳ ಅಂತರವಿದೆ. ಹಾಡು ಜೀವಂತವಾಗಿದ್ದರೆ ನಟ ಒಂದು ಕ್ಷಣ ತಡೆದರೂ ಹಾಡು ಅವನಿಗಾಗಿ ಕಾಯುತ್ತದೆ.

ಇನ್ನೊಂದು ಸುಳಿವು, ಅದು ಎಷ್ಟನೆಯ ಪ್ರದರ್ಶನ ಎಂಬುದು. ಕೆಲವು ತಂಡಗಳು ಅದನ್ನು ಪೋಸ್ಟರಿನಲ್ಲೇ ಹಾಕುತ್ತವೆ; ಹಾಕದಿದ್ದರೆ ಅದರಲ್ಲಿರುವ ಮೊಬೈಲ್ ಸಂಖ್ಯೆಗೆ ಕರೆ ಮಾಡಿ ಕೇಳಿ, ಖುಷಿಯಿಂದಲೇ ಹೇಳುತ್ತಾರೆ. ಹವ್ಯಾಸಿ ತಂಡದವರಿಗೆ ನಿಜವಾದ ರಂಗದ ಮೇಲೆ, ನಿಜವಾದ ದೀಪಗಳ ಕೆಳಗೆ ತಾಲೀಮು ಮಾಡುವ ಅವಕಾಶ ಅನೇಕ ಸಲ ಪ್ರದರ್ಶನದ ದಿನ ಮಧ್ಯಾಹ್ನವಷ್ಟೇ ಸಿಗುತ್ತದೆ. ಅಲ್ಲಿಯವರೆಗೆ ಶಾಲೆಯ ಕೊಠಡಿಯಲ್ಲೋ ಯಾರದೋ ಮನೆಯ ತಾರಸಿಯಲ್ಲೋ ಅಭ್ಯಾಸ ನಡೆದಿರುತ್ತದೆ. ಹೀಗಾಗಿ ಮೊದಲ ಪ್ರದರ್ಶನದಲ್ಲಿ ನಟಿ ಬೆಳಕಿನ ವೃತ್ತಕ್ಕಿಂತ ಅರ್ಧ ಅಡಿ ಆಚೆ ನಿಂತಿರುತ್ತಾಳೆ, ಮುಖ ಅರ್ಧ ಕತ್ತಲಲ್ಲಿ. ನಾಲ್ಕೈದು ಪ್ರದರ್ಶನ ಕಳೆಯುವ ಹೊತ್ತಿಗೆ ಅವಳು ಕೆಳಗೆ ನೋಡುವುದೇ ಇಲ್ಲ. ಕೆನ್ನೆಗೆ ತಗಲುವ ಬಿಸಿಯಿಂದಲೇ ತಾನು ಸರಿಯಾದ ಜಾಗದಲ್ಲಿದ್ದೇನೆಂದು ತಿಳಿದುಕೊಳ್ಳುತ್ತಾಳೆ. ಆಗ ಮಾತು ಬೇರೆಯೇ ಆಗಿಬಿಡುತ್ತದೆ. ನಾಟಕಕ್ಕೆ ಹೊಸಬರಾದರೆ ಮೊದಲ ಪ್ರದರ್ಶನ ಬಿಟ್ಟು ಆಮೇಲಿನವಕ್ಕೆ ಹೋಗಿ. ತಂಡದ ಮೇಲೆ ಪ್ರೀತಿಯಿದ್ದರೆ ಮಾತ್ರ ಮೊದಲನೆಯದಕ್ಕೇ ಹೋಗಬೇಕು, ಆ ದಿನ ಅವರಿಗೆ ತುಂಬಿದ ಸಭಾಂಗಣ ಬೇಕಾಗಿರುತ್ತದೆ.

ಯಾವ ನಾಟಕ ಎಂಬುದು ಎಷ್ಟು ಮುಖ್ಯವೋ ಯಾವ ರಂಗಮಂದಿರ ಎಂಬುದೂ ಅಷ್ಟೇ ಮುಖ್ಯ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾಯಿತು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿದ್ದು. ಸೋಮವಾರ ಬಿಟ್ಟು ಉಳಿದ ದಿನಗಳಲ್ಲೆಲ್ಲ ನಾಟಕವಿರಬೇಕೆಂಬುದು ಅಲ್ಲಿನ ಸಂಕಲ್ಪ. ಅಲ್ಲಿ ರಂಗ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ, ಜನ ಮೂರು ಕಡೆಯಿಂದ ನೋಡುತ್ತಾರೆ. ಪಿಸುಮಾತು, ರೆಪ್ಪೆಯ ಅಲುಗಾಟದಿಂದ ನಡೆಯುವ ನಾಟಕಗಳಿಗೆ, ಏಕವ್ಯಕ್ತಿ ಪ್ರದರ್ಶನಗಳಿಗೆ ನನ್ನ ಮಟ್ಟಿಗೆ ಅದೇ ಸರಿಯಾದ ಜಾಗ. ತೀರಾ ಪಕ್ಕದ ಆಸನಗಳಲ್ಲಿ ಕೂರಬೇಡಿ, ಕೆಲವು ದೃಶ್ಯಗಳಲ್ಲಿ ನಟರ ಬೆನ್ನೇ ಕಾಣುತ್ತದೆ. ನಡುವಿನ ಮೂರು, ನಾಲ್ಕನೇ ಸಾಲು ಉತ್ತಮ. ತಡವಾಗಿ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಅದು ಒಳ್ಳೆಯ ನಿಯಮ. ಮೊದಲ ಐದು ನಿಮಿಷದಲ್ಲಿ ನಟರು ಜನರ ಕಿವಿಯನ್ನು ಹಿಡಿಯಬೇಕಾಗಿರುತ್ತದೆ, ಆಗ ಬಾಗಿಲು ತೆರೆದು ಬೆಳಕು ಒಳಗೆ ನುಗ್ಗಿದರೆ ಆ ಹಿಡಿತ ತಪ್ಪುತ್ತದೆ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಸಂಗತಿ ಬೇರೆ. 1963ರಿಂದ ಇರುವ ಆ ದೊಡ್ಡ ಸಭಾಂಗಣಕ್ಕೆ ದೊಡ್ಡ ಸಂಗತಿಗಳೇ ಒಪ್ಪುತ್ತವೆ: ಗುಂಪು ದೃಶ್ಯಗಳು, ನೃತ್ಯರೂಪಕ, ಪೌರಾಣಿಕ ನಾಟಕ, ಯಕ್ಷಗಾನ. ಇಬ್ಬರೇ ಕುಳಿತು ಮಾತನಾಡುವ ನಾಟಕ ಅಲ್ಲಿದ್ದರೆ ಮುಂದಿನ ಸಾಲುಗಳಲ್ಲೇ ಕೂರಿ, ಬಾಲ್ಕನಿ ಬೇಡ. ಅದರ ಹಿಂದೆಯೇ ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಿದೆ. 1972ರಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಆಡಿಸಿದ್ದನ್ನು ನಮ್ಮ ರಂಗಭೂಮಿಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಬಯಲಿನಲ್ಲಿ ನಾಟಕವಿದ್ದರೆ ಬೆಚ್ಚಗಿನ ಶಾಲು ಒಯ್ಯಿರಿ. ಮಳೆಗಾಲವಾದರೆ ಹೊರಡುವ ಮೊದಲು ಒಮ್ಮೆ ಕರೆ ಮಾಡಿ. ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿ ಹವ್ಯಾಸಿ ತಂಡಗಳ ನಾಟಕಗಳು ಸಿಗುತ್ತವೆ, ಬಸವನಗುಡಿ ಕಡೆಯವರಿಗೆ ಅದು ಮನೆಯಂಗಳವೇ ಸರಿ. ಇಂಗ್ಲಿಷ್ ನಾಟಕ ಬೇಕಾದವರು ವೈಟ್‌ಫೀಲ್ಡ್ ಕಡೆಯ ಜಾಗೃತಿ ನೋಡಲಿ.

ಎಂದೂ ನಾಟಕ ನೋಡದವರನ್ನು ಕರೆದೊಯ್ಯುವುದಾದರೆ ಹಾಡಿರುವ ನಾಟಕವನ್ನೇ ಆರಿಸಿ. ನನ್ನ ಅಕ್ಕನ ಮಗಳು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಪೋಸ್ಟರಿನ ಚಿತ್ರವನ್ನು ಕಳಿಸಿ “ಚಿಕ್ಕಮ್ಮ, ಇದಕ್ಕೆ ಹೋಗಲೇ?” ಎಂದು ಕೇಳುವುದು ಅವಳ ಅಭ್ಯಾಸ. ಅವಳಿಗೆ ನಾನು ಮೊದಲು ಹೇಳಿದ್ದು ಬೆನಕ ತಂಡದ ‘ಸತ್ತವರ ನೆರಳು’. ಜಡಭರತರ ನಾಟಕ, ಕಾರಂತರ ನಿರ್ದೇಶನ. ಮಠದ ಒಳಗಿನ ಅಧಿಕಾರದಾಟವನ್ನು ಪುರಂದರದಾಸರ ಪದಗಳ ನಡುವೆ ಬಿಚ್ಚಿಡುವ ಆ ನಾಟಕದಲ್ಲಿ ನಗು ಬರುತ್ತಲೇ ಇರುತ್ತದೆ, ಮನೆಗೆ ಹೋಗುವಾಗ ಯೋಚನೆ ಶುರುವಾಗುತ್ತದೆ. ಇಂಥ ಹಳೆಯ ಪ್ರಯೋಗಗಳನ್ನು ತಂಡಗಳು ಆಗಾಗ ಮತ್ತೆ ರಂಗಕ್ಕೆ ತರುತ್ತವೆ. ಕಲಾಗಂಗೋತ್ರಿಯ ‘ಮುಖ್ಯಮಂತ್ರಿ’ಯೂ ಹಾಗೆಯೇ, ಆ ಪಾತ್ರದಿಂದಲೇ ಚಂದ್ರು ಅವರ ಹೆಸರಿನ ಮುಂದೆ ‘ಮುಖ್ಯಮಂತ್ರಿ’ ಸೇರಿಕೊಂಡಿತು. ದಶಕಗಟ್ಟಲೆ ಆಡಿದ ನಾಟಕ ಎಂದರೆ ಅದನ್ನು ಪ್ರೇಕ್ಷಕರೇ ತಿದ್ದಿ ತೀಡಿದ್ದಾರೆ ಎಂದು ಅರ್ಥ.

ರೆಪರ್ಟರಿಗಳು, ಅಂದರೆ ನಾಟಕವನ್ನೇ ಪೂರ್ಣಾವಧಿ ಕೆಲಸವಾಗಿ ಮಾಡುವ ತಂಡಗಳು, ಊರಿಗೆ ಬಂದಾಗ ತಪ್ಪಿಸಿಕೊಳ್ಳಬೇಡಿ. ಹೆಗ್ಗೋಡಿನ ನೀನಾಸಂ 1985ರಿಂದ ‘ತಿರುಗಾಟ’ ನಡೆಸುತ್ತಿದೆ, ಸಾಣೇಹಳ್ಳಿಯ ಶಿವಸಂಚಾರ ಊರೂರು ಸುತ್ತುತ್ತದೆ, ಮೈಸೂರಿನ ರಂಗಾಯಣವೂ ಆಗಾಗ ಬರುತ್ತದೆ. ತಿಂಗಳುಗಟ್ಟಲೆ ಅದೇ ಕೆಲಸ ಮಾಡುವ ಆ ನಟರ ಮೈ ಹಗುರವಾಗಿರುತ್ತದೆ, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುತ್ತದೆ. ಕಚೇರಿ ಮುಗಿಸಿ ಬಸ್ಸಿನಲ್ಲಿ ಮಾತು ಬಾಯಿಪಾಠ ಮಾಡುತ್ತಾ ಬರುವ ನಮ್ಮ ಹವ್ಯಾಸಿಗಳಲ್ಲಿ ಆ ಹದ ಕಡಿಮೆ, ಆದರೆ ತಮ್ಮ ಕಾಲದ ಮಾತನ್ನು ಹೇಳಲೇಬೇಕೆಂಬ ಹಟ ಹೆಚ್ಚು. ಎರಡನ್ನೂ ನೋಡಿ. ಕುವೆಂಪು ಅವರ ಕಾದಂಬರಿಯನ್ನು ಆಧರಿಸಿ ಸಿ. ಬಸವಲಿಂಗಯ್ಯ ನಿರ್ದೇಶಿಸಿದ, ರಾತ್ರಿಯಿಡೀ ನಡೆಯುವ ‘ಮಲೆಗಳಲ್ಲಿ ಮದುಮಗಳು’ ಮತ್ತೆ ಎಂದಾದರೂ ಬಂದರೆ ಮರುದಿನಕ್ಕೆ ರಜೆ ಹಾಕಿಯೇ ಹೋಗಿ.

ಯಕ್ಷಗಾನಕ್ಕೆ ಮಳೆಗಾಲ ಕಾಯಬೇಕು. ಕರಾವಳಿಯಲ್ಲಿ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುತ್ತವೆ, ಆಮೇಲೆ ಕಲಾವಿದರು ಬೆಂಗಳೂರು, ಮುಂಬೈ ಕಡೆ ಬರುತ್ತಾರೆ. ಇಲ್ಲಿಯೂ ಪ್ರಸಂಗಕ್ಕಿಂತ ಕಲಾವಿದರನ್ನು ನೋಡಿಯೇ ಆರಿಸಬೇಕು, ಏಕೆಂದರೆ ಕಥೆ ಎಲ್ಲರಿಗೂ ಗೊತ್ತಿರುವುದೇ, ಮಾತು ಮಾತ್ರ ಅಂದು ರಂಗದಲ್ಲೇ ಹುಟ್ಟುತ್ತದೆ. ಕರಪತ್ರದಲ್ಲಿ ಹಾಡುತ್ತಾ ಆಟವನ್ನು ನಡೆಸುವ ಭಾಗವತರ ಹೆಸರನ್ನು ಮೊದಲು ಹುಡುಕಿ. ವೇಗ, ದಿಗಿಣ (ಸುತ್ತುತ್ತಾ ಹಾರುವ ಕುಣಿತ) ಇಷ್ಟವಾದರೆ ದಕ್ಷಿಣದ ಶೈಲಿಯಾದ ತೆಂಕುತಿಟ್ಟು, ನಿಧಾನವಾಗಿ ಅರಳುವ ಅಭಿನಯ ಬೇಕಾದರೆ ಉತ್ತರದ ಶೈಲಿಯಾದ ಬಡಗುತಿಟ್ಟು.

ಮಕ್ಕಳಿಗೆ ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರಗಳ ಕೊನೆಯಲ್ಲಿ ನಡೆಯುವ ನಾಟಕಗಳು ಒಳ್ಳೆಯವು: ಅವಧಿ ಚಿಕ್ಕದು, ರಂಗದ ಮೇಲೂ ಮಕ್ಕಳೇ. ಎರಡು ಗಂಟೆಯ ಗಂಭೀರ ನಾಟಕಕ್ಕೆ ನಾಲ್ಕು ವರ್ಷದ ಮಗುವನ್ನು ಕರೆತರುವುದು ಮಗುವಿಗೂ ಕಷ್ಟ, ನಟರಿಗೂ ಕಷ್ಟ.

ಸುದ್ದಿ ತಿಳಿಯಲು ದಿನಪತ್ರಿಕೆಯ ‘ನಗರದಲ್ಲಿ ಇಂದು’ ಪಟ್ಟಿ, ಬುಕ್‌ಮೈಶೋ, ತಂಡಗಳ ವಾಟ್ಸ್‌ಆ್ಯಪ್ ಗುಂಪು ಸಾಕು. ಕೆಲವು ಹವ್ಯಾಸಿ ನಾಟಕಗಳು ಆನ್‌ಲೈನಿನಲ್ಲಿ ಸಿಗುವುದೇ ಇಲ್ಲ, ಬಾಗಿಲಲ್ಲೇ ಟಿಕೆಟ್. ಉಚಿತ ಪ್ರವೇಶವಿದ್ದರೂ ಹೊರಡುವಾಗ ಅಲ್ಲಿರುವ ಡಬ್ಬಿಗೆ ಏನಾದರೂ ಹಾಕಿ. ರಂಗಮಂದಿರದ ಬಾಡಿಗೆ, ದೀಪದ ಬಾಡಿಗೆಯನ್ನು ತಂಡದವರು ತಮ್ಮ ಸಂಬಳದಿಂದಲೇ ಕೊಟ್ಟಿರುತ್ತಾರೆ. ನಾಟಕ ಮುಗಿದ ಕೂಡಲೇ ಪಾರ್ಕಿಂಗ್ ಕಡೆ ಓಡಬೇಡಿ. ಚಪ್ಪಾಳೆಯ ನಂತರ ತಂಡದ ಪರಿಚಯ ಮಾಡಿಕೊಡುತ್ತಾರೆ, ಪ್ರಸಾಧನದವರು, ಸಂಗೀತದವರು, ನಿರ್ದೇಶಕರು ಒಬ್ಬೊಬ್ಬರಾಗಿ ಮುಂದೆ ಬರುತ್ತಾರೆ. ನಿಮಗೆ ಹಿಡಿಸಿದ ಕೆಲಸ ಯಾರದೆಂದು ಆಗ ತಿಳಿಯುತ್ತದೆ. ಹೊರಗೆ ಅವರು ಸಿಕ್ಕರೆ ಮುಂದಿನ ಪ್ರದರ್ಶನ ಯಾವಾಗ, ಎಲ್ಲಿ ಎಂದು ಕೇಳಿಕೊಂಡೇ ಮನೆಗೆ ಹೊರಡಿ.