ಧಾರೆಯ ನೀರು ಕಾಣಬೇಕಾದರೆ

ನಮ್ಮ ಕಡೆಯ ಮದುವೆ ಆಲ್ಬಮ್‌ಗಳಲ್ಲಿ ಧಾರೆಯ ಪುಟವನ್ನು ಗಮನಿಸಿ ನೋಡಿ. ಹುಡುಗ ಹುಡುಗಿಯ ಕೈಗಳಿರುತ್ತವೆ, ಕೈಗಳ ಮೇಲೆ ತೆಂಗಿನಕಾಯಿ ಇರುತ್ತದೆ, ಗಿಂಡಿ ಬಗ್ಗಿಸಿ ನಿಂತ ತಾಯಿ ಇರುತ್ತಾರೆ, ಪಕ್ಕದಲ್ಲಿ ಕಣ್ಣು ತುಂಬಿಕೊಂಡ ತಂದೆ ಇರುತ್ತಾರೆ. ನೀರು ಮಾತ್ರ ಇರುವುದಿಲ್ಲ. ಧಾರೆ ಎಂದ ಮೇಲೆ ನೀರೇ ಅಲ್ಲವೇ ಮುಖ್ಯ? ಚಿಕ್ಕಮಗಳೂರಿನ ಸುತ್ತಮುತ್ತ ಮದುವೆ ಫೋಟೊ ತೆಗೆಯುವ ನಾನು ರೇಡಿಯೊ ಟ್ರಿಗರ್, ಅಂದರೆ ದೂರದಲ್ಲಿಟ್ಟ ಫ್ಲ್ಯಾಷನ್ನು ತಂತಿಯಿಲ್ಲದೆ ಮಿಂಚಿಸುವ ಸಾಧನ, ಹಿಡಿದದ್ದು ಮುಖ್ಯವಾಗಿ ಈ ಒಂದು ಚಿತ್ರಕ್ಕಾಗಿ.

ನೀರಿಗೆ ತನ್ನದೇ ಬಣ್ಣವಿಲ್ಲ. ಕ್ಯಾಮೆರಾದ ನೆತ್ತಿಯ ಮೇಲೆ ಕುಳಿತ ಫ್ಲ್ಯಾಷ್ ಎದುರಿನಿಂದ ಬೆಳಗಿದರೆ ಆ ಬೆಳಕು ನೀರನ್ನು ದಾಟಿ ಹಿಂದಿನ ಬಿಳಿ ಪಂಚೆಯ ಮೇಲೋ ರೇಷ್ಮೆ ಸೀರೆಯ ಮೇಲೋ ಬೀಳುತ್ತದೆ. ನೀರು ಅದರಲ್ಲೇ ಕಳೆದುಹೋಗುತ್ತದೆ. ಅದೇ ಬೆಳಕು ಹಿಂದಿನಿಂದ, ತುಸು ಓರೆಯಾಗಿ ಬರಲಿ. ಗಿಂಡಿಯ ಮೂತಿಯಿಂದ ಕೈಗಳವರೆಗೆ ಇಳಿಯುವ ಎಳೆ ಗಾಜಿನ ಕಡ್ಡಿಯಂತೆ ಹೊಳೆಯುತ್ತದೆ, ಕಾಯಿಯ ಜುಟ್ಟಿಗೆ ತಾಗಿ ಸಿಡಿದ ಒಂದೊಂದು ಹನಿಯೂ ಬೇರೆಬೇರೆಯಾಗಿ ಕಾಣುತ್ತದೆ. ಹೀಗಾಗಬೇಕಾದರೆ ಫ್ಲ್ಯಾಷ್ ಕ್ಯಾಮೆರಾವನ್ನು ಬಿಟ್ಟು ಇಳಿಯಬೇಕು, ಮಂಟಪದ ಆಚೆ ಬದಿಗೆ ಹೋಗಿ ನಿಲ್ಲಬೇಕು, ಆದರೂ ನಾನು ಬೆರಳು ಒತ್ತಿದ ಕ್ಷಣಕ್ಕೇ ಮಿಂಚಬೇಕು.

ಬೆಳಕಿನ ದಿಕ್ಕು ಎಷ್ಟು ದೊಡ್ಡ ಸಂಗತಿ ಎಂಬುದನ್ನು ನನಗೆ ಕಲಿಸಿದ್ದು ಹಳೇಬೀಡು. ಹೊಯ್ಸಳೇಶ್ವರ ದೇವಾಲಯದ ಪಡುವಣ ಗೋಡೆಗೆ ಮಧ್ಯಾಹ್ನದ ಬಿಸಿಲು ಮೊದಲು ತಾಗುವಾಗ ಅದು ಗೋಡೆಯನ್ನು ಸವರಿಕೊಂಡೇ ಕೆಳಗಿಳಿಯುತ್ತದೆ. ಆಗ ನೋಡಬೇಕು: ಬಳೆ, ಕಂಠಿ, ಬೆರಳಿನ ಉಗುರು ಎಲ್ಲಕ್ಕೂ ಒಂದೊಂದು ನೆರಳು ಹುಟ್ಟಿ ಕಲ್ಲು ಮೈತುಂಬಿಕೊಳ್ಳುತ್ತದೆ. ಸೂರ್ಯ ಇನ್ನೂ ಕೆಳಗಿಳಿದು ಗೋಡೆಗೆ ಎದುರಾದಾಗ ಅದೇ ಶಿಲ್ಪ ಚಪ್ಪಟೆಯಾಗುತ್ತದೆ. ಕಲ್ಲು ಬದಲಾಗಿಲ್ಲ, ಶಿಲ್ಪಿಯ ಕೆಲಸವೂ ಬದಲಾಗಿಲ್ಲ. ಫೋಟೊಗ್ರಫಿ ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಹೇಳುವುದು, ಯಂತ್ರ ಕೊಳ್ಳುವ ಮೊದಲು ಒಂದು ಮಧ್ಯಾಹ್ನವಿಡೀ ಅಲ್ಲಿ ಕುಳಿತು ಬನ್ನಿ ಎಂದು. ಅಲ್ಲಿ ಫ್ಲ್ಯಾಷ್ ಸ್ಟ್ಯಾಂಡ್ ನೆಡುವ ಯೋಚನೆ ಬೇಡ. ಸಂರಕ್ಷಿತ ಸ್ಮಾರಕದೊಳಗೆ ಟ್ರೈಪಾಡ್ ಇಡುವುದಕ್ಕೂ ಪುರಾತತ್ವ ಇಲಾಖೆಯ ಅನುಮತಿ ಬೇಕು. ಕಣ್ಣು ತೆಗೆದುಕೊಂಡು ಹೋದರೆ ಸಾಕು.

ಇನ್ನು ಯಂತ್ರದ ಮಾತು. ಕ್ಯಾಮೆರಾದಿಂದ ದೂರದ ಫ್ಲ್ಯಾಷನ್ನು ಬೆಳಗಿಸಲು ಮೂರು ದಾರಿಗಳಿವೆ. ಮೊದಲನೆಯದು ತಂತಿ. ಮಕ್ಕಳು ಓಡಾಡುವ, ಅಜ್ಜಿಯರು ಸೀರೆಯ ನೆರಿಗೆ ಹಿಡಿದು ನಡೆಯುವ ಮದುವೆ ಮನೆಯಲ್ಲಿ ತಂತಿ ಎಳೆಯುವುದು ಅಪಾಯ. ಎರಡನೆಯದು ಬೆಳಕಿಗೆ ಬೆಳಕು ಕೊಡುವ ಆಪ್ಟಿಕಲ್ ಸ್ಲೇವ್: ಒಂದು ಫ್ಲ್ಯಾಷ್ ಮಿಂಚಿದ್ದನ್ನು ಕಂಡು ಇನ್ನೊಂದು ಮಿಂಚುತ್ತದೆ. ಸ್ಟುಡಿಯೊದ ನಾಲ್ಕು ಗೋಡೆಯೊಳಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮದುವೆಯಲ್ಲಿ ಹುಡುಗಿಯ ಸೋದರಮಾವನ ಕ್ಯಾಮೆರಾ ಮಿಂಚಿದರೂ ನಮ್ಮ ಫ್ಲ್ಯಾಷ್ ಮಿಂಚುತ್ತದೆ, ಅವರ ಚಿತ್ರವೂ ಕೆಡುತ್ತದೆ, ನಮ್ಮ ಬ್ಯಾಟರಿಯೂ ಖಾಲಿಯಾಗುತ್ತದೆ. ಕೆಲವು ಕ್ಯಾಮೆರಾಗಳು ಅಳತೆಗಾಗಿ ಮೊದಲೊಂದು ಸಣ್ಣ ಮಿಂಚು ಬಿಡುವುದರಿಂದ ಸ್ಲೇವ್ ಮುಂಚೆಯೇ ಮಿಂಚಿ, ನಿಜವಾದ ಕ್ಷಣಕ್ಕೆ ಕತ್ತಲಾಗಿಬಿಡುವುದೂ ಉಂಟು. ಮೂರನೆಯದೇ ರೇಡಿಯೊ. ಕ್ಯಾಮೆರಾದ ನೆತ್ತಿಯಲ್ಲಿ ಫ್ಲ್ಯಾಷ್ ಕೂರಿಸುವ ಜಾಗವಾದ ಹಾಟ್ ಶೂ ಮೇಲೆ ಒಂದು ಪುಟ್ಟ ಟ್ರಾನ್ಸ್‌ಮಿಟರ್, ಆ ಕಡೆ ಫ್ಲ್ಯಾಷ್‌ಗೆ ಒಂದು ರಿಸೀವರ್. ಈಗಿನ ಬಹಳಷ್ಟು ಫ್ಲ್ಯಾಷ್‌ಗಳಲ್ಲಿ ರಿಸೀವರ್ ಒಳಗೇ ಇರುತ್ತದೆ. ಹೆಚ್ಚಿನವು ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಒಂದಕ್ಕೊಂದು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ. ಬಾಗಿಲು, ಕಿಟಕಿ, ಮರದ ಗೋಡೆ ಯಾವುದೂ ಅದಕ್ಕೆ ದೊಡ್ಡ ಅಡ್ಡಿಯಲ್ಲ.

ಇದರ ಬೆಲೆ ತಿಳಿಯುವುದು ಮಲೆನಾಡಿನ ಹಳೆಯ ತೊಟ್ಟಿ ಮನೆಗಳಲ್ಲಿ. ಬಾಳೆಹೊನ್ನೂರಿನ ಹತ್ತಿರ ಅಂಥದೊಂದು ಮನೆಯಲ್ಲಿ ಮದುವೆ ತೆಗೆದದ್ದು ನನಗೆ ಚೆನ್ನಾಗಿ ನೆನಪಿದೆ. ಧಾರೆಮಂಟಪ ಹಾಕಿದ್ದು ಒಳ ಜಗಲಿಯಲ್ಲಿ. ಮೇಲೆ ಹೊಗೆ ಹಿಡಿದು ಕಪ್ಪಾದ ಮರದ ಮುಚ್ಚಿಗೆ, ಸುತ್ತ ದಪ್ಪ ಮುಂಡಿಗೆಗಳು, ಹೊರಗೆ ಮೋಡ. ಬಿಳಿಯ ತಾರಸಿ ಇದ್ದರೆ ಫ್ಲ್ಯಾಷಿನ ತಲೆ ಮೇಲಕ್ಕೆ ತಿರುಗಿಸಿ ಬೆಳಕನ್ನು ಬೌನ್ಸ್ ಮಾಡಬಹುದು. ಕಪ್ಪು ಮರ ಬೆಳಕನ್ನು ನುಂಗಿಕೊಳ್ಳುತ್ತದೆ, ಏನನ್ನೂ ವಾಪಸು ಕೊಡುವುದಿಲ್ಲ. ಅಂಗಳದ ಚಪ್ಪರಕ್ಕೆ ಕಟ್ಟಿದ್ದ ಕೆಂಪು ಬಟ್ಟೆಗೆ ಬೌನ್ಸ್ ಮಾಡಿದರೆ ಎಲ್ಲರ ಮುಖವೂ ಕೆಂಪು.

ಮಂಟಪದ ಎಡಕ್ಕೆ, ಹಿತ್ತಲಿನ ಕಡೆಗೆ, ಮರದ ಸರಳುಗಳ ಒಂದು ಕಿಟಕಿ ಇತ್ತು. ಬೆಳಿಗ್ಗೆ ಅದರಿಂದ ಬರುತ್ತಿದ್ದ ಮಂದ ಬೆಳಕು ಎಷ್ಟು ಚೆನ್ನಾಗಿತ್ತೆಂದರೆ, ಅದನ್ನೇ ಇನ್ನಷ್ಟು ಬೆಳಗಿಸಬೇಕು ಅನ್ನಿಸಿತು. ಒಂದು ಫ್ಲ್ಯಾಷನ್ನು ಹಿತ್ತಲಿನಲ್ಲಿ, ಸೂರಿನ ಕೆಳಗೆ, ಕಿಟಕಿಯಿಂದ ಆರೇಳು ಅಡಿ ಆಚೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂದೆ ಬಿಳಿಯ ಬಟ್ಟೆ ಕಟ್ಟಿದೆ. ಮನೆಯ ಹಿರಿಯರೊಬ್ಬರು ಬಂದು ನೋಡಿದರು. “ಏನಪ್ಪಾ, ಮದುವೆ ಒಳಗೆ, ನಿನ್ನ ದೀಪ ಹೊರಗೆ?” ಎಂದರು. “ಕಿಟಕಿಯಿಂದ ಬಿಸಿಲು ಬಂದ ಹಾಗೆ ಕಾಣುತ್ತದೆ ಅಜ್ಜಾ, ನೋಡಿ” ಎಂದು ಒಂದು ಪರೀಕ್ಷೆಯ ಚಿತ್ರ ತೆಗೆದು ಕ್ಯಾಮೆರಾದ ಹಿಂಬದಿಯಲ್ಲಿ ತೋರಿಸಿದೆ. ಸರಳುಗಳ ನೆರಳು ಕೆಂಪು ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು. ಅವರು ಕನ್ನಡಕ ಸರಿಪಡಿಸಿಕೊಂಡು, “ಕಾರ್ತಿಕದಲ್ಲಿ ಹೀಗೇ ಬರುತ್ತದೆ” ಎಂದರು. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಆ ಬೆಳಕನ್ನು ಗುರುತಿಸಿದರಲ್ಲ, ನನಗೆ ಅದಕ್ಕಿಂತ ಬೇರೆ ಪರೀಕ್ಷೆ ಬೇಕಿರಲಿಲ್ಲ.

ಎರಡನೆಯ ಫ್ಲ್ಯಾಷ್ ಧಾರೆಯ ನೀರಿಗೆ. ಇದನ್ನು ನಾನು ಮಂಟಪದ ಹಿಂಬದಿಯ ಕಂಬಕ್ಕೆ ಕಟ್ಟಿದ ಬಾಳೆಕಂದಿನ ಮರೆಯಲ್ಲಿ ಇಡುತ್ತೇನೆ. ಎಲೆಗಳು ಸ್ಟ್ಯಾಂಡನ್ನು ಮುಚ್ಚುತ್ತವೆ. ಅದರ ಎತ್ತರ, ನಿಂತವರ ತಲೆಗಿಂತ ಒಂದಡಿ ಮೇಲೆ, ಮುಖ ಗಿಂಡಿಯತ್ತ. ಬೆಳಕು ನೇರವಾಗಿ ಲೆನ್ಸಿನೊಳಗೆ ನುಗ್ಗಿ ಚಿತ್ರ ಬಿಳಿಚಿಕೊಳ್ಳದಂತೆ ಫ್ಲ್ಯಾಷಿನ ಪಕ್ಕಕ್ಕೆ ಕಪ್ಪು ರಟ್ಟಿನ ತುಂಡೊಂದನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟುತ್ತೇನೆ. ಭಟ್ಟರಿಗೆ ಮೊದಲೇ ಹೇಳಿಡುವುದು ಕಡ್ಡಾಯ. ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಮಿಂಚಿದರೆ ಮಂತ್ರ ಹೇಳುವವರಿಗೆ ಕಿರಿಕಿರಿ. ಹೆಚ್ಚಿನವರು ಒಪ್ಪುತ್ತಾರೆ. ಹೋಮಕುಂಡದ ಹತ್ತಿರ ಬೇಡ ಎಂದರೆ ಮರುಮಾತಿಲ್ಲದೆ ಸರಿಸುತ್ತೇನೆ.

ಫ್ಲ್ಯಾಷಿನ ಶಕ್ತಿಯನ್ನು ನಾನೇ ಕೈಯಾರೆ ನಿಗದಿ ಮಾಡಿ, ಮ್ಯಾನುಯಲ್‌ನಲ್ಲೇ ಇಡುತ್ತೇನೆ. ಕ್ಯಾಮೆರಾ ತಾನೇ ಅಳೆದು ಬೆಳಕು ಕೊಡುವ ಟಿಟಿಎಲ್ ವ್ಯವಸ್ಥೆ ಓಡಾಡುವ ಜನರಿಗೆ ಒಳ್ಳೆಯದು. ಮಂಟಪದಲ್ಲಿ ಮಾತ್ರ ಬಿಳಿ ಪಂಚೆ ಚೌಕಟ್ಟಿನೊಳಗೆ ಹೆಚ್ಚು ಬಂದಾಗ ಅದು ಬೆಳಕನ್ನು ಕಡಿಮೆ ಮಾಡುತ್ತದೆ, ಕಡುಬಣ್ಣದ ಸೀರೆ ಬಂದಾಗ ಹೆಚ್ಚು ಮಾಡುತ್ತದೆ. ಮಂಟಪ ಅಲುಗುವುದಿಲ್ಲ, ಫ್ಲ್ಯಾಷೂ ಅಲುಗುವುದಿಲ್ಲ. ಹಾಗಿರುವಾಗ ಒಮ್ಮೆ ಅಳೆದಿಟ್ಟರೆ ಮುಗಿಯಿತು, ನಾನು ಎಲ್ಲಿ ನಿಂತು ತೆಗೆದರೂ ಅದೇ ಬೆಳಕು. ಬೇರೆಬೇರೆಯಾಗಿ ಏರಿಸಿ ಇಳಿಸಲು ಫ್ಲ್ಯಾಷ್‌ಗಳನ್ನು ಗುಂಪು ಮಾಡಿಕೊಳ್ಳುತ್ತೇನೆ: ಹಿಂದಿನ ಫ್ಲ್ಯಾಷ್ ಎ ಗುಂಪಿನಲ್ಲಿ, ಪೂರ್ಣ ಶಕ್ತಿಯ ಸುಮಾರು 1/16ರಲ್ಲಿ. ಬೆಳಕು ಮೆದುವಾಗಲೆಂದು ಛತ್ರಿ ಜೋಡಿಸಿ ಮುಖಗಳತ್ತ ಇಟ್ಟ ಇನ್ನೊಂದು ಫ್ಲ್ಯಾಷ್ ಬಿ ಗುಂಪಿನಲ್ಲಿ, ಅದಕ್ಕಿಂತ ಮಂದವಾಗಿ. ಎರಡನ್ನೂ ಕ್ಯಾಮೆರಾದ ಮೇಲಿನ ಟ್ರಾನ್ಸ್‌ಮಿಟರಿನಿಂದಲೇ ಏರಿಸಿ ಇಳಿಸಬಹುದು, ಮಂಟಪದ ಹತ್ತಿರ ಸುಳಿಯಬೇಕಿಲ್ಲ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿದ್ದರೆ ಸ್ಟ್ಯಾಂಡ್ ಎಲ್ಲಿಡಬೇಕು ಎಂಬುದು ಬೇಗ ಹೊಳೆಯುತ್ತದೆ.

ಶಕ್ತಿ ಕಡಿಮೆ ಇಡುವುದಕ್ಕೆ ಒಂದು ಕಾರಣವಿದೆ, ಧಾರೆಗೆ ಅದೇ ಮುಖ್ಯ. ಇಂಥ ಸಣ್ಣ ಫ್ಲ್ಯಾಷ್‌ಗಳಲ್ಲಿ ಶಕ್ತಿ ಇಳಿಸಿದಷ್ಟೂ ಮಿಂಚಿನ ಅವಧಿ ಕಿರಿದಾಗುತ್ತದೆ. ಪೂರ್ಣ ಶಕ್ತಿಯಲ್ಲಿ ಸೆಕೆಂಡಿನ 1/300ರಷ್ಟು ಇರುವುದು 1/128 ಶಕ್ತಿಯಲ್ಲಿ 1/20000ದಷ್ಟಕ್ಕೆ ಇಳಿಯುತ್ತದೆ. ಬೀಳುವ ಹನಿಯನ್ನು ಹಿಡಿದು ನಿಲ್ಲಿಸುವುದು ಕ್ಯಾಮೆರಾದೊಳಗೆ ತೆರೆದು ಮುಚ್ಚುವ ಪರದೆಯಾದ ಶಟರ್ ಅಲ್ಲ, ಈ ಕಿರಿದಾದ ಮಿಂಚು. ಶಟರಿನ ವೇಗವನ್ನು ಏರಿಸಿದರೆ ನೀರು ನಿಲ್ಲುತ್ತದೆಂದು ಭಾವಿಸಿ ಕೆಲವರು ಸೆಕೆಂಡಿನ 1/500ಕ್ಕೆ ಹೋಗುತ್ತಾರೆ. ಚಿತ್ರದ ಒಂದು ಅಂಚಿಗೆ ಕಪ್ಪು ಪಟ್ಟಿ ಬರುತ್ತದೆ. ಶಟರಿನ ಎರಡು ಪರದೆಗಳ ನಡುವೆ, ಚಿತ್ರ ಹಿಡಿಯುವ ಸೆನ್ಸರ್ ಪೂರ್ತಿ ತೆರೆದಿರುವುದು ಒಂದು ಮಿತಿಯವರೆಗೆ ಮಾತ್ರ. ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಅಗ್ಗದ ಟ್ರಿಗರ್‌ಗಳಲ್ಲಿ ಸಂಕೇತ ತಲುಪುವುದು ಕೂದಲೆಳೆಯಷ್ಟು ತಡವಾಗುವುದರಿಂದ 1/160 ದಾಟದಿರುವುದೇ ಕ್ಷೇಮ. ಹೈಸ್ಪೀಡ್ ಸಿಂಕ್ ಎಂಬ ವ್ಯವಸ್ಥೆಯಲ್ಲಿ ಈ ಮಿತಿ ಮೀರಬಹುದು, ಆದರೆ ಅದರಲ್ಲಿ ಫ್ಲ್ಯಾಷ್ ಒಂದೇ ಮಿಂಚಿನ ಬದಲು ಎಡೆಬಿಡದೆ ಮಿನುಗುವುದರಿಂದ ಬಲ ಬಹಳ ಕುಗ್ಗುತ್ತದೆ. ಅದು ಹೊರಗಿನ ಬಿಸಿಲಿಗೆ, ಧಾರೆಗಲ್ಲ.

ಹಾಸನ, ಸಕಲೇಶಪುರಗಳ ದೊಡ್ಡ ಕಲ್ಯಾಣಮಂಟಪಗಳ ಕಷ್ಟಗಳು ಬೇರೆ. ಬೆಳಿಗ್ಗೆ ಪರೀಕ್ಷಿಸಿದಾಗ ಚೆನ್ನಾಗಿ ಮಿಂಚಿದ ಫ್ಲ್ಯಾಷ್ ಮುಹೂರ್ತದ ಹೊತ್ತಿಗೆ ಬಿಟ್ಟು ಬಿಟ್ಟು ಮಿಂಚತೊಡಗುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿಯಾಗುವ ಅಗತ್ಯವಿಲ್ಲ. ನಮ್ಮ ದೇಹದ ಬಹುಪಾಲು ನೀರು, 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಖಾಲಿ ಸಭಾಂಗಣಕ್ಕೂ, ಅಕ್ಷತೆ ಹಿಡಿದು ಜನ ಮಂಟಪ ಮುತ್ತಿಕೊಂಡ ಸಭಾಂಗಣಕ್ಕೂ ಅಜಗಜಾಂತರ. ಫ್ಲ್ಯಾಷನ್ನು ತಲೆಗಳ ಮೇಲಕ್ಕೆ ಎತ್ತಿದರೆ ಅರ್ಧ ತೊಂದರೆ ಅಲ್ಲಿಗೇ ಪರಿಹಾರ. ವೈಫೈ ಕೂಡ ಇದೇ ಅಲೆಪಟ್ಟಿಯಲ್ಲಿ ಓಡುವುದರಿಂದ ಚಾನೆಲ್ ಬದಲಿಸಿ ನೋಡಬೇಕು. ಗೋಡಾಕ್ಸ್ ಎಂಬ ಫ್ಲ್ಯಾಷ್ ಕಂಪನಿಯ ಎಕ್ಸ್ ಎಂಬ ರೇಡಿಯೊ ವ್ಯವಸ್ಥೆಯಲ್ಲಿ 32 ಚಾನೆಲ್‌ಗಳಿವೆ, ಹೊಸ ಮಾದರಿಗಳಲ್ಲಿ ಅದರ ಜೊತೆಗೆ ಐಡಿ ಸಂಖ್ಯೆಯೂ ಇದೆ. ಮೇಲಿನ ಮಹಡಿಯಲ್ಲಿ ಇನ್ನೊಂದು ಮದುವೆ, ಅಲ್ಲಿನ ಫೋಟೊಗ್ರಾಫರ್ ಬಳಿಯೂ ಅದೇ ಟ್ರಿಗರ್; ಇಬ್ಬರೂ ಮೊದಲನೆಯ ಚಾನೆಲ್‌ನಲ್ಲೇ ಇದ್ದರೆ ಅವರು ಒತ್ತಿದಾಗಲೆಲ್ಲ ನಮ್ಮ ಮಂಟಪ ಮಿಂಚುತ್ತದೆ. ಲಗ್ನದ ದಿನಗಳಲ್ಲಿ ಮೊದಲು ಹೋಗಿ ಅವರನ್ನು ಮಾತನಾಡಿಸಿ, “ಅಣ್ಣಾ, ನಿಮ್ಮದು ಯಾವ ಚಾನೆಲ್?” ಎಂದು ಕೇಳಿ ನನ್ನದನ್ನು ಬದಲಿಸಿಕೊಳ್ಳುತ್ತೇನೆ.

ಅಲಂಕಾರದ ಎಲ್ಇಡಿ ದೀಪಗಳು ಇನ್ನೊಂದು ತಲೆನೋವು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಅಗ್ಗದ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ 1/200ರಲ್ಲಿದ್ದರೆ ಹಿನ್ನೆಲೆಯಲ್ಲಿ ಪಟ್ಟೆಪಟ್ಟೆ. ಅಂಥ ಕಡೆ 1/100ಕ್ಕೆ ಇಳಿಯುತ್ತೇನೆ, ನೀರನ್ನು ನಿಲ್ಲಿಸಲು ಹೇಗೂ ಫ್ಲ್ಯಾಷ್ ಇದೆ. ಹಳದಿ ಬಲ್ಬುಗಳ ನಡುವೆ ಫ್ಲ್ಯಾಷಿನ ಬೆಳಕು ನೀಲಿಯಾಗಿ ಕಾಣುವುದರಿಂದ ಅದರ ಮುಖಕ್ಕೆ ಕಿತ್ತಳೆ ಬಣ್ಣದ ಜೆಲ್ ಹಾಳೆ ಅಂಟಿಸಿದರೆ ಎರಡೂ ಹೊಂದಿಕೊಳ್ಳುತ್ತವೆ. ವಿಡಿಯೊ ತೆಗೆಯುವವರ ಜೊತೆಗೂ ಒಪ್ಪಂದ ಬೇಕು. ಅವರ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ನಮ್ಮ ಮಿಂಚು ಅವರ ಚೌಕಟ್ಟಿನ ಅರ್ಧಕ್ಕೆ ಮಾತ್ರ ಬಿದ್ದು ಬಿಳಿಯ ಪಟ್ಟಿಯಾಗುತ್ತದೆ. ಧಾರೆಯ ಹೊತ್ತಿನಲ್ಲಿ ನಾನು ಬಡಬಡನೆ ಒತ್ತುವುದಿಲ್ಲ. ತಾಯಿ ಗಿಂಡಿ ಬಗ್ಗಿಸಿ ನೀರು ಸರಿಯಾಗಿ ಹರಿಯತೊಡಗಿದ ಮೇಲೆ ಕೆಲವೇ ಚಿತ್ರ. ಅವರಿಗೂ ಉಳಿದ ಸಮಯ ಸಿಗುತ್ತದೆ.

ಕಾಫಿ ತೋಟದಲ್ಲಿ ಜೋಡಿಯ ಚಿತ್ರ ತೆಗೆಯುವಾಗ ಟ್ರಿಗರಿನ ಡಬ್ಬಿಯ ಮೇಲೆ 100 ಮೀಟರ್ ಎಂದು ಬರೆದಿರುವುದನ್ನು ನಂಬಿ ಕೂರಬೇಡಿ. ಅದು ಬಯಲಿನ ಲೆಕ್ಕ. ಮಳೆ ನಿಂತ ಮೇಲಿನ ತೋಟದಲ್ಲಿ ಗಿಡದ ಎಲೆ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಎಲ್ಲವೂ ನೀರು ಹೊತ್ತು ನಿಂತಿರುತ್ತವೆ, ತರಂಗ ಅಲ್ಲೇ ಸೊರಗುತ್ತದೆ. ತೋಟದ ದಾರಿಯ ನೇರಕ್ಕೆ, ಗಿಡಗಳ ಎತ್ತರ ಮೀರಿಸಿ ಫ್ಲ್ಯಾಷ್ ಇಡುವುದು ನನ್ನ ರೂಢಿ. ಫ್ಲ್ಯಾಷಿಗೂ ಟ್ರಿಗರಿಗೂ ಪ್ಲಾಸ್ಟಿಕ್ ಚೀಲ ಹೊದಿಸಿದರೆ ಸಂಕೇತಕ್ಕೆ ಅಡ್ಡಿಯಿಲ್ಲ; ಹೊಳೆಯುವ ಅಲ್ಯೂಮಿನಿಯಂ ಹಾಳೆ ಮಾತ್ರ ಬೇಡ, ಲೋಹ ತರಂಗವನ್ನು ತಡೆಯುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಫ್ಲ್ಯಾಷ್ ಒಂದೆರಡು ಅಡಿಯಷ್ಟು ಹತ್ತಿರವಿದ್ದಾಗಲೂ ಕೆಲವು ಟ್ರಿಗರ್‌ಗಳು ಮುಗ್ಗರಿಸುತ್ತವೆ, ಸಂಕೇತ ಅತಿಯಾಗಿ. ಅದಕ್ಕೆಂದೇ ಸೆಟ್ಟಿಂಗ್‌ನಲ್ಲಿ 0ಯಿಂದ 30 ಮೀಟರ್ ಎಂಬ ಆಯ್ಕೆ ಇದ್ದರೆ ಅದನ್ನು ಬಳಸಿ. ಬ್ಯಾಟರಿಗೆ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳೇ ಸರಿ. ಸಾಧಾರಣ ಸೆಲ್‌ಗಳಲ್ಲಿ ಒಂದು ಮಿಂಚಿನಿಂದ ಇನ್ನೊಂದು ಮಿಂಚಿಗೆ ಕಾಯುವುದೇ ಆಗುತ್ತದೆ.

ಹೊಸದಾಗಿ ಶುರುಮಾಡುವವರು ಮೂರು ನಾಲ್ಕು ಫ್ಲ್ಯಾಷ್ ಒಟ್ಟಿಗೆ ಕೊಳ್ಳಬೇಕಿಲ್ಲ. ಒಂದು ಟ್ರಾನ್ಸ್‌ಮಿಟರ್, ರಿಸೀವರ್ ಒಳಗೇ ಇರುವ ಒಂದು ಫ್ಲ್ಯಾಷ್, ಗಟ್ಟಿಯಾದ ಒಂದು ಸ್ಟ್ಯಾಂಡ್, ಅದರ ಕಾಲಿಗೆ ಕಟ್ಟಲು ಮರಳಿನ ಚೀಲ. ಮರಳಿನ ಚೀಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳು ಓಡಾಡುವಲ್ಲಿ ಅದಿಲ್ಲದೆ ಸ್ಟ್ಯಾಂಡ್ ನಿಲ್ಲಿಸಲು ನಾನು ಒಪ್ಪುವುದಿಲ್ಲ. ಅಪ್ಪನದೋ ಚಿಕ್ಕಪ್ಪನದೋ ಸ್ಟುಡಿಯೊದಲ್ಲಿ ಹಳೆಯ ಫಿಲ್ಮ್ ಕಾಲದ ಫ್ಲ್ಯಾಷ್ ಬಿದ್ದಿದ್ದರೆ ಎರಡನೆಯ ದೀಪವಾಗಿ ಅದನ್ನೂ ದುಡಿಸಬಹುದು. ಕೂರಿಸುವ ಮೊದಲು ಅದನ್ನು ಪೂರ್ತಿ ಚಾರ್ಜ್ ಮಾಡಿ, ಅದರ ಪಾದದ ನಡುವಿನ ಬಿಂದುವಿಗೂ ಅಂಚಿನ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ನೋಡಿ. ಹಳೆಯ ಕೆಲವು ಫ್ಲ್ಯಾಷ್‌ಗಳಲ್ಲಿ ಅದು 200 ವೋಲ್ಟ್ ದಾಟುತ್ತದೆ, ಕೆಲವು ಕ್ಯಾಮೆರಾಗಳು ತಾಳುವುದು 6 ವೋಲ್ಟ್ ಮಾತ್ರ. ಹೆಚ್ಚು ಬಂದರೆ ಅದನ್ನು ಕ್ಯಾಮೆರಾದ ಮೇಲೆ ಏರಿಸಲೇಬೇಡಿ. ರಿಸೀವರ್ ಎಷ್ಟು ವೋಲ್ಟ್ ತಾಳುತ್ತದೆಂದು ಅದರ ಕೈಪಿಡಿಯಲ್ಲಿ ಬರೆದಿರುತ್ತದೆ, ಆ ಮಿತಿಯೊಳಗಿದ್ದರೆ ಮಾತ್ರ ಜೋಡಿಸಿ.